ಸೆಗಣಿ ಗ್ಯಾಸ್ ಸೋಸುವ ಮೆಂಬ್ರೇನ್: ಒಂದು ವರ್ಷ ಬಳಸಿದ ಮೇಲೆ

ಬದಿಯಡ್ಕದ ಹತ್ತಿರ ನಮ್ಮ ಡೈರಿ ಇದೆ. ಸೆಗಣಿ ಗ್ಯಾಸ್ ಅಡುಗೆಗೆ ಆಗಿ ಉಳಿಯುತ್ತಿತ್ತು, ಆದರೆ ಅದರಲ್ಲಿ ಮೀಥೇನ್ ನೂರಕ್ಕೆ 60ರಷ್ಟು, ಉಳಿದದ್ದು ಹೆಚ್ಚುಕಮ್ಮಿ ಎಲ್ಲಾ ಕಾರ್ಬನ್ ಡೈಆಕ್ಸೈಡ್, ಸಿಲಿಂಡರಿಗೆ ತುಂಬಿಸಿ ಪ್ರಯೋಜನವಿರಲಿಲ್ಲ. ಕಳೆದ ವರ್ಷ ವಿಷು ಕಳೆದು ಪಾಲಿಇಮೈಡ್ ಎಂಬ ಪ್ಲಾಸ್ಟಿಕಿನ ಮೆಂಬ್ರೇನ್, ಅಂದರೆ ಗ್ಯಾಸ್ ಸೋಸುವ ಪೊರೆ, ಹಾಕಿಸಿದೆವು.

ಒಂದು ಕೊಳವೆಯೊಳಗೆ ಸಾವಿರಾರು ಸಪೂರ ಟೊಳ್ಳು ನಾರುಗಳು. ಒತ್ತಡದಲ್ಲಿ ಗ್ಯಾಸ್ ಬಿಟ್ಟರೆ ಕಾರ್ಬನ್ ಡೈಆಕ್ಸೈಡ್ ನಾರಿನ ಗೋಡೆ ದಾಟಿ ಬೇಗ ಹೊರಗೆ ಹೋಗುತ್ತದೆ, ಯಾಕೆಂದರೆ ಅದರ ಅಣು 0.33 ನ್ಯಾನೋಮೀಟರ್, ಮೀಥೇನಿನದ್ದು 0.38, ಮತ್ತೆ ಕಾರ್ಬನ್ ಡೈಆಕ್ಸೈಡ್ ನಾರಿನ ಪ್ಲಾಸ್ಟಿಕಿನಲ್ಲಿ ಕರಗುವುದೂ ಜಾಸ್ತಿ. ಮೀಥೇನ್ ಇನ್ನೊಂದು ತುದಿಯಲ್ಲಿ ಸಿಗುತ್ತದೆ. ತೊಳೆಯಲು ನೀರು ಬೇಡ, ರಾಸಾಯನಿಕ ಬೇಡ. ಮೀಟರಿನಲ್ಲಿ ಈಗ ಮೀಥೇನ್ ನೂರಕ್ಕೆ 94 ನೋಡಿದಾಗೆಲ್ಲ ಖುಷಿಯಾಗುತ್ತದೆ.

ಬೇಜಾರು ಒಂದೇ. ಮೊದಲು ತೇವ ಮತ್ತು ಹೈಡ್ರೋಜನ್ ಸಲ್ಫೈಡ್ (ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್) ತೆಗೆಯಲೇಬೇಕು ಅಂತ ಮಾರಿದವರು ಬಿಡಿಸಿ ಹೇಳಲಿಲ್ಲ. ಆಟಿಯ ಮಳೆಗೆ ನೀರು ಸೇರಿ ಒಂದು ಮೆಂಬ್ರೇನ್ ಹಾಳಾಯಿತು. ಈಗ ಕಬ್ಬಿಣದ ಆಕ್ಸೈಡ್, ಆಕ್ಟಿವೇಟೆಡ್ ಕಾರ್ಬನ್, ಡ್ರೈಯರ್ ಎಲ್ಲಾ ಮೆಂಬ್ರೇನಿಗಿಂತ ಮೊದಲೇ ಇಟ್ಟು ಅವನ್ನು ತೆಗೆಯುತ್ತೇವೆ, ತೊಂದರೆಯಿಲ್ಲ. ಕಂಪ್ರೆಸರಿಗೆ ಕರೆಂಟ್ ಖರ್ಚು ಇದ್ದೇ ಇದೆ.

ಗ್ಯಾಸನ್ನು ಒಂದೇ ಸಲ ಸೋಸುವ ಒಂದೇ ಹಂತದ ಮೆಂಬ್ರೇನ್ ಅಗ್ಗ ಅಂತ ಸುಮ್ನೆ ತಗೋಬೇಡಿ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಜೊತೆ ಸ್ವಲ್ಪ ಮೀಥೇನ್ ಕೂಡ ಹೊರಗೆ ಹೋಗುತ್ತದೆ, ನಷ್ಟ ನಮಗೇ ಅಲ್ವಾ? ಎರಡು ಹಂತದ್ದೇ ಕೇಳಿ.