ಮಕ್ಕಳ ಎಚ್‌ಪಿವಿ ಲಸಿಕೆ: ನವನಗರದ ಆಸ್ಪತ್ರೆಯೊಂದರಲ್ಲಿ ಕೊನೆಯ ಡೋಸಿನವರೆಗೆ

ನನ್ನ ಇಬ್ಬರು ಹೆಣ್ಣುಮಕ್ಕಳಿಗೆ, ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸನ್ನು ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಲು ಗುಳೇದಗುಡ್ಡದಿಂದ ಬಾಗಲಕೋಟೆ ನವನಗರದ ಖಾಸಗಿ ಆಸ್ಪತ್ರೆಯೊಂದಕ್ಕೆ ಕಳೆದ ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮೂರು ಸಲ ಹೋಗಬೇಕಿತ್ತು. ನಾಲ್ಕು ಸಲ ಹೋಗಬೇಕಾಯಿತು. ಮೊದಲ ಡೋಸ್ ಹಾಕಿಸಿಕೊಂಡ ಮಕ್ಕಳು ಕೊನೆಯ ಡೋಸಿಗೆ ಬರುತ್ತಾರೋ ಇಲ್ಲವೋ ಎಂಬುದು ಆಸ್ಪತ್ರೆಯ ನಡವಳಿಕೆಯ ಮೇಲೆ ಎಷ್ಟು ನಿಂತಿದೆ ಎಂಬುದು ಆಗಲೇ ನನಗೆ ತಿಳಿದದ್ದು.

ವೈದ್ಯೆಯ ವಿವರಣೆ ಬಹಳ ಚೆನ್ನಾಗಿತ್ತು. ಗರ್ಭಕಂಠದ ಕ್ಯಾನ್ಸರಿನ ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಈ ವೈರಸ್ಸಿನ 16 ಮತ್ತು 18ನೆಯ ಬಗೆಗಳು ಕಾರಣವೆಂದೂ, 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ತುಂಬಿದವರಿಗೆ ಮೊದಲ ದಿನ, ಎರಡನೆಯ ತಿಂಗಳು ಮತ್ತು ಆರನೆಯ ತಿಂಗಳು ಹೀಗೆ ಮೂರು ಡೋಸ್ ಎಂದೂ ಮಕ್ಕಳಿಗೇ ನೇರವಾಗಿ ತಿಳಿಸಿದರು. 20 ವರ್ಷದವರೆಗೆ ಒಂದು ಡೋಸನ್ನೂ ಒಪ್ಪಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿರುವುದನ್ನು ಮುಚ್ಚಿಡದೆ, ತಾವು ಲಸಿಕೆಯ ಜೊತೆ ಬರುವ ಚೀಟಿಯಲ್ಲಿರುವ ಕ್ರಮವನ್ನೇ ಪಾಲಿಸುತ್ತೇವೆ ಎಂದರು. ಮುಂದೆ ಮಕ್ಕಳಾಗುವುದಿಲ್ಲವಂತೆ ಎಂಬ ನಮ್ಮ ಓಣಿಯ ಮಾತನ್ನು ನಾನು ಅಳುಕುತ್ತಲೇ ಎತ್ತಿದಾಗ ಅವರು ನಗಲಿಲ್ಲ, ಗದರಲಿಲ್ಲ. ಅದಕ್ಕೆ ಆಧಾರವಿಲ್ಲವೆಂದು ಬಿಡಿಸಿ ಹೇಳಿದರು. ಹಾಗೆ ಹೇಳದಿದ್ದರೆ, ಮರುದಿನ ಚಿಕ್ಕವಳು ತೋಳು ನೋಯುತ್ತದೆ ಎಂದಾಗಲೇ ಮನೆಯ ಹಿರಿಯರು ಎರಡನೆಯ ಡೋಸ್ ಬೇಡವೆನ್ನುತ್ತಿದ್ದರು.

ತೊಡಕು ಬಂದದ್ದು ಜುಲೈ ತಿಂಗಳಲ್ಲಿ. ಪಿಯುಸಿ ಮೊದಲ ವರ್ಷದಲ್ಲಿರುವ ದೊಡ್ಡವಳು ಎರಡನೆಯ ಡೋಸಿಗೆಂದು ಶನಿವಾರದ ಪ್ರಾಕ್ಟಿಕಲ್ ಬಿಟ್ಟು ನನ್ನೊಂದಿಗೆ ಬಸ್ಸು ಹತ್ತಿ ಬಂದರೆ, ಲಸಿಕೆ ಮುಗಿದಿದೆ, ಬಂದ ಮೇಲೆ ಫೋನ್ ಮಾಡುತ್ತೇವೆ ಎಂಬ ಉತ್ತರ ಸಿಕ್ಕಿತು. ಅವರು ಕರೆ ಮಾಡಿದ್ದು ನಿಜ, ಆದರೆ ಮಾಡಿದ್ದು ನಮ್ಮ ಯಜಮಾನರ ನಂಬರಿಗೆ. ಮಗ್ಗದ ಸದ್ದಿನಲ್ಲಿ ಅವರಿಗೆ ಫೋನ್ ಕೇಳಿಸುವುದಿಲ್ಲ. ಆಗಸ್ಟ್ ಕೊನೆಯ ವಾರದಲ್ಲಿ ನಾನೇ ವಿಚಾರಿಸುವವರೆಗೆ ಆ ಡೋಸ್ ಹಾಗೆಯೇ ಉಳಿಯಿತು. ಇದು ಸಣ್ಣ ತಪ್ಪಲ್ಲ. ದಿನದ ಕೂಲಿ ಬಿಟ್ಟು ಬಂದ ತಾಯಿಯಾಗಿದ್ದರೆ ಒಮ್ಮೆ ಬರಿಗೈಲಿ ಮರಳಿದ ಮೇಲೆ ಇನ್ನೊಮ್ಮೆ ಬರುವುದು ಕಷ್ಟ. ತುಂಬಿಸಿಕೊಳ್ಳುವ ಅರ್ಜಿಯಲ್ಲಿ ಹದಿನಾರರ ಹುಡುಗಿಯ ಸ್ವಂತ ನಂಬರಿಗೂ ಒಂದು ಸಾಲು ಬಿಟ್ಟಿದ್ದರೆ ಸಾಕಿತ್ತು.

ತಡವಾದದ್ದಕ್ಕೆ ನಾನು ಹೆದರಿದ್ದೆ. ಸಿಸ್ಟರ್ ಮಾತ್ರ ಕಾರ್ಡು ತಿರುವಿ ನೋಡಿ, ‘ಅಂಜಬ್ಯಾಡ್ರಿ ಅಕ್ಕಾರ, ಮತ್ತ ಮೊದಲಿಂದ ಹಾಕೂದಿಲ್ಲ, ಇಲ್ಲಿಂದ ಮುಂದುವರಿಸೂದು’ ಎಂದರು. ಎರಡನೆಯ ಮತ್ತು ಮೂರನೆಯ ಡೋಸಿನ ನಡುವೆ ಕನಿಷ್ಠ ಮೂರು ತಿಂಗಳು ಇರಬೇಕೆಂದು ಲೆಕ್ಕ ಹಾಕಿ ನವೆಂಬರ್ ಕೊನೆಯ ದಿನಾಂಕ ಕೊಟ್ಟರು, ಅದೇ ದಿನಕ್ಕೆ ಚಿಕ್ಕವಳ ಎರಡನೆಯ ಡೋಸನ್ನೂ ಹೊಂದಿಸಿದರು. ತಾರೀಖು ದಾಟಿತೆಂದು ನಾಚಿ ಲಸಿಕೆಯನ್ನೇ ಬಿಟ್ಟುಬಿಡುವ ಮಕ್ಕಳು ನನ್ನ ಬಳಗದಲ್ಲೇ ಇದ್ದಾರೆ. ಅವರಿಗೆ ಈ ಒಂದು ಮಾತು ಯಾರಾದರೂ ಹೇಳಬೇಕಿತ್ತು.

ಒಂದು ಡೋಸಿಗೆ ನಾವು ಕೊಟ್ಟದ್ದು 2,000 ರೂಪಾಯಿ, ಇಬ್ಬರಿಂದ ಒಟ್ಟು ಐದು ಡೋಸ್. ಆಯಾ ಸಲದ್ದನ್ನು ಆಯಾ ಸಲವೇ ತೆಗೆದುಕೊಂಡರು. ಆದರೂ ದೀಪಾವಳಿ ಖರ್ಚು ಮುಗಿದ ನವೆಂಬರ್‌ನಲ್ಲಿ ಒಟ್ಟಿಗೆ 4,000 ಹೊಂದಿಸುವುದು ಹಗುರವಾಗಿರಲಿಲ್ಲ.

ಪ್ರತಿ ಸಲವೂ ಫ್ರಿಜ್ಜಿನಿಂದ ತೆಗೆದ ಲಸಿಕೆಯ ಹೆಸರು ಮತ್ತು ಅವಧಿಯನ್ನು ನಮಗೆ ತೋರಿಸಿ, ಬ್ಯಾಚ್ ನಂಬರನ್ನು ಕಾರ್ಡಿನಲ್ಲಿ ಬರೆದರು. ಚುಚ್ಚಿದ ಮೇಲೆ ತಲೆ ಸುತ್ತಬಹುದೆಂದು ಹದಿನೈದು ನಿಮಿಷ ಕೂರಿಸಿಕೊಂಡರು. ನವೆಂಬರ್‌ನಲ್ಲಿ ಹೊರಡುವ ಹಿಂದಿನ ದಿನ ಲಸಿಕೆ ಇದೆಯೇ ಎಂದು ಫೋನ್ ಮಾಡಿ ಕೇಳಿದವಳು ನನ್ನ ದೊಡ್ಡ ಮಗಳೇ. ನೀವೂ ಹಾಗೆಯೇ ಕೇಳಿಕೊಂಡು ಹೋಗಿ, ಮಕ್ಕಳ ನಂಬರನ್ನು ಕಾರ್ಡಿನ ಮೇಲೆ ನೀವೇ ಬರೆಸಿ.