ಐದು ವರ್ಷ ಡಂಜನ್ ವರ್ಲ್ಡ್ ನಡೆಸಿದ ಮೇಲೆ

ಗೇಮ್ ಮಾಸ್ಟರ್ ಆದ ಹೊಸತರಲ್ಲಿ ಪ್ರತಿ ಭಾನುವಾರದ ಆಟಕ್ಕೂ ಹತ್ತು ಹನ್ನೆರಡು ಪುಟ ಕಥೆ ಬರೆದುಕೊಂಡು ಕೂರುತ್ತಿದ್ದೆ. ಆಟಗಾರರು ಎರಡನೇ ಪುಟದಲ್ಲೇ ಬೇರೆ ದಾರಿ ಹಿಡಿಯುತ್ತಿದ್ದರು. ನಾನು ಅವರನ್ನು ಎಳೆದು ತರುತ್ತಿದ್ದೆ. ಈಗ ನನ್ನ ತಯಾರಿ ಅರ್ಧ ಪುಟ ಮೀರುವುದಿಲ್ಲ. ಆ ಅಭ್ಯಾಸ ಬಿಡಿಸಿದ್ದು ಡಂಜನ್ ವರ್ಲ್ಡ್.

ಹೊಸಬರಿಗೆ ಎರಡು ಮಾತು. ಇದು ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಆಡುವ ಆಟ. ಆಟಗಾರರು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಲೋಕ, ಶತ್ರುಗಳು, ದಾರಿಹೋಕರು ಎಲ್ಲ ಗೇಮ್ ಮಾಸ್ಟರ್ ಪಾಲಿಗೆ. 1974ರ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಕತ್ತಿ, ಮಂತ್ರ, ಗುಹೆಗಳ ಜಗತ್ತನ್ನು 2010ರ ಅಪೋಕ್ಯಾಲಿಪ್ಸ್ ವರ್ಲ್ಡ್ ಆಟದ ನಿಯಮಗಳ ಮೇಲೆ ಕಟ್ಟಿ 2012ರಲ್ಲಿ ಇದನ್ನು ಹೊರತಂದರು. ನಿಯಮಗಳ ಪಠ್ಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಹಣ ಕೊಡದೆಯೇ ಓದಬಹುದು.

ಎರಡು ದಾಳ ಉರುಳಿಸಿ, ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಬೇಕು. ಹತ್ತು ಅಥವಾ ಹೆಚ್ಚು ಬಂದರೆ ಅಂದುಕೊಂಡದ್ದು ನೆರವೇರುತ್ತದೆ. ಆರು ಅಥವಾ ಕಡಿಮೆ ಬಂದರೆ ಮುಂದಿನ ನಡೆ ಗೇಮ್ ಮಾಸ್ಟರ್‌ನದು, ಸೋತವರಿಗೆ ಪಾತ್ರವನ್ನು ಮುಂದಿನ ಹಂತಕ್ಕೆ ಬೆಳೆಸುವ ಒಂದು ಅನುಭವದ ಅಂಕ. ಏಳರಿಂದ ಒಂಬತ್ತರ ನಡುವೆ ಬಂದರೆ ಕೆಲಸ ಆಗುತ್ತದೆ, ಆದರೆ ಅದಕ್ಕೆ ಬೆಲೆ ತೆರಬೇಕು. ಕಳ್ಳ ಬೀಗ ತೆಗೆದ, ಎಂಟು ಬಿತ್ತು. ಬಾಗಿಲು ತೆರೆಯಿತು, ಒಳಗೆ ಕಾವಲುಗಾರನ ಮಗು ಎದ್ದು ಕುಳಿತಿದೆ. ಇನ್ನೇನು ಮಾಡುತ್ತೀ? ನನ್ನ ಹನ್ನೆರಡು ಪುಟಗಳಲ್ಲಿ ಆ ಮಗು ಎಲ್ಲೂ ಇರಲಿಲ್ಲ. ನಮ್ಮ ಕಥೆಗಳ ಒಳ್ಳೆಯ ತಿರುವುಗಳೆಲ್ಲ ಈ ನಡುವಿನ ಅಂಕಗಳಿಂದಲೇ ಹುಟ್ಟಿವೆ.

ಗೇಮ್ ಮಾಸ್ಟರ್‌ಗೆ ಪುಸ್ತಕ ಕೊಡುವ ಸೂತ್ರಗಳಲ್ಲಿ ನಾನು ಬಿಡದೆ ಪಾಲಿಸುವುದು ಒಂದು: ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಬಳಸಿಕೊಳ್ಳಿ. ಒಮ್ಮೆ ಕಾಡಿನ ಹುಡುಗಿಯ ಪಾತ್ರ ಮಾಡುತ್ತಿದ್ದ ಗೆಳತಿಯನ್ನು ಕೇಳಿದೆ: “ನಿಮ್ಮ ಊರಿನವರು ಯಾರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು?” ಅವಳು ತುಸು ಯೋಚಿಸಿ, “ಉಪ್ಪು ಮಾರುವವರನ್ನು. ಅವರಿಂದ ಉಪ್ಪು ಕೊಂಡವರು ಮನೆಯ ಒಬ್ಬರ ಹೆಸರನ್ನು ಮರೆತುಬಿಡುತ್ತಾರೆ” ಎಂದಳು. ಮುಂದಿನ ಎಂಟು ತಿಂಗಳ ಕಥೆಗೆ ಅದೇ ಬೀಜವಾಯಿತು. ಅವಳು ಊರಿಗೆ ಮರಳಿದ ದಿನ ತಾಯಿ ಊಟ ಬಡಿಸಿದಳು, ಸಾರಿಗೆ ಉಪ್ಪು ಸರಿಯಾಗಿತ್ತು. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ.

ಇನ್ನೊಂದು ಸೂತ್ರ, ಆಟಗಾರರನ್ನಲ್ಲ, ಪಾತ್ರಗಳನ್ನು ಉದ್ದೇಶಿಸಿ ಮಾತಾಡಿ ಎಂಬುದು. ಇಂಗ್ಲಿಷಿನಲ್ಲಿ ಇದಕ್ಕೆ ಪಾತ್ರದ ಹೆಸರು ಹಿಡಿದರೆ ಸಾಕು, ಕನ್ನಡದಲ್ಲಿ ನೀನು, ನೀವು ಅಡ್ಡ ಬರುತ್ತವೆ. ನಮ್ಮಲ್ಲಿ ಹದಿನಾಲ್ಕರ ಕಳ್ಳನ ಪಾತ್ರ ಮಾಡುತ್ತಿದ್ದವರು ನನಗಿಂತ ಇಪ್ಪತ್ತು ವರ್ಷ ಹಿರಿಯರು. ಮೊದಲ ಸಲ ಅವರಿಗೆ “ಏಯ್, ನೀನು ಇಲ್ಲೇನು ಮಾಡುತ್ತಿದ್ದೀಯೋ?” ಎನ್ನುವಾಗ ನನ್ನ ನಾಲಿಗೆ ತಡವರಿಸಿತು. ತಾಳಮದ್ದಳೆ ಕೇಳಿಕೊಂಡು ಬೆಳೆದ ಅವರಿಗೆ ಕುಳಿತಲ್ಲೇ ಪಾತ್ರವಾಗುವುದು ಹೊಸದೇನಲ್ಲ. “ಹಸಿವು ಬುದ್ಧೀ” ಎಂದು ತಲೆ ತಗ್ಗಿಸಿದರು. ಕನ್ನಡದಲ್ಲಿ ಆಡುವವರು ಈ ಏಕವಚನ ಬಹುವಚನಗಳನ್ನು ಧೈರ್ಯವಾಗಿ ಬಳಸಬೇಕು. ಎರಡು ಪಾತ್ರಗಳ ನಡುವೆ ನೀವು ಹೋಗಿ ನೀನು ಬಂದ ಗಳಿಗೆಯೇ ಒಂದು ದೃಶ್ಯ.

ಅರ್ಧ ಪುಟದಲ್ಲಿ ಏನು ಬರೆಯುತ್ತೇನೆಂದರೆ, ಯಾವ ಅಪಾಯ ಬೆಳೆಯುತ್ತಿದೆ, ಯಾರೂ ತಡೆಯದಿದ್ದರೆ ಒಂದಾದ ಮೇಲೊಂದು ಏನಾಗುತ್ತದೆ, ಅಷ್ಟೇ. ಪುಸ್ತಕದಲ್ಲಿ ಇದಕ್ಕೆ ಫ್ರಂಟ್ ಎಂದು ಹೆಸರು.

ಕೊರತೆಗಳೂ ಇವೆ, ದೀರ್ಘಕಾಲ ಆಡಿದರೆ ಕಾಣಿಸುತ್ತವೆ. ಮೂರು ಅಂಕ ಕೂಡುವ ಪಾತ್ರಕ್ಕೆ 36ರಲ್ಲಿ 21 ಸಲ ಪೂರ್ಣ ಗೆಲುವು, ಸೋಲು ಮೂರೇ ಸಲ. ಪಾತ್ರಗಳು ಬೆಳೆದಂತೆ ನಾನು ಅಷ್ಟು ಹೊಗಳಿದ ಆ ನಡುವಿನ ಅಂಕಗಳು ಕಡಿಮೆಯಾಗುತ್ತವೆ. ಆರನೇ ಹಂತ ದಾಟಿದ ಮೇಲೆ ನಮ್ಮ ಆಟ ಸಪ್ಪೆಯಾಯಿತು. ಪಾತ್ರಗಳ ನಡುವಿನ ನಂಟಿಗೆಂದು ಇರುವ ಬಾಂಡ್ ನಿಯಮ ನಮಗೆ ಒಗ್ಗಲೇ ಇಲ್ಲ. ನಾಲ್ಕನೇ ತಿಂಗಳಿಗೆ ಕೈಬಿಟ್ಟೆವು. ಇನ್ನು, ಪ್ರತಿ ಏಳೆಂಟಕ್ಕೂ ಹೊಸ ಬೆಲೆ ಹುಡುಕುವುದು ದಣಿಸುವ ಕೆಲಸ. ಮೂರು ಗಂಟೆ ಮೀರಿದರೆ ನನಗೆ ಹೊಳೆಯುವುದೆಲ್ಲ “ಸದ್ದಾಯಿತು, ಕಾವಲುಗಾರರು ಬಂದರು” ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಈಗ ಎರಡೂವರೆ ಗಂಟೆಗೆ ಆಟ ಮುಗಿಸುತ್ತೇವೆ.

ಲೆಕ್ಕಾಚಾರದ ಯುದ್ಧ, ಚೌಕದ ಹಾಳೆಯ ಮೇಲೆ ಗೊಂಬೆ ನಡೆಸುವ ಖುಷಿ ಬೇಕಾದವರಿಗೆ ಇದು ಹಿಡಿಸುವುದಿಲ್ಲ. ಕಥೆಗಾಗಿ ಕೂರುವ ಮೂವರು ನಾಲ್ವರು ಸಿಕ್ಕರೆ ಇದರಿಂದಲೇ ಶುರುಮಾಡಿ, ಆರನೇ ಹಂತದೊಳಗೆ ಕಥೆ ಮುಗಿಯುವಂತೆ ನೋಡಿಕೊಳ್ಳಿ. ನಮ್ಮದು ಬರುವ ಭಾನುವಾರ ಹೊಸ ಪಾತ್ರಗಳೊಂದಿಗೆ ಮೊದಲನೇ ಹಂತದಿಂದ ಆರಂಭ. ಉಪ್ಪಿನವರು ಬಂದ ಊರು ಯಾವುದೆಂದು ನಾನಿನ್ನೂ ನಕ್ಷೆಯಲ್ಲಿ ಬರೆದಿಲ್ಲ. ಅದನ್ನು ಆಟಗಾರರನ್ನೇ ಕೇಳುತ್ತೇನೆ.