ಸೋಜತ್ ಪುಡಿ, ಮನೆಯಲ್ಲೇ ಸುತ್ತಿದ ಕೋನ್: ಕೆಲವು ವರ್ಷ ಬಳಸಿದ ಮೇಲೆ

ನಾನು ಮೆಹಂದಿ ಹಾಕುವುದನ್ನು ದುಡಿಮೆ ಮಾಡಿಕೊಂಡವಳಲ್ಲ. ಹುಬ್ಬಳ್ಳಿಯಲ್ಲಿ ಆಫೀಸಿಗೆ ಹೋಗುತ್ತೇನೆ. ಪಂಚಮಿ, ದೀಪಾವಳಿ, ಯಾರದೋ ಮದುವೆ, ಇಲ್ಲವೇ ಬೇಜಾರಾದ ಒಂದು ಭಾನುವಾರ, ನೆಪ ಸಿಕ್ಕರೆ ಸಾಕು, ಕೈ ಖಾಲಿ ಬಿಡುವುದಿಲ್ಲ. ಅಂಗಡಿಯ ಕೋನ್ ಬಿಟ್ಟು ಪುಡಿ ತರಿಸಿ ಮನೆಯಲ್ಲೇ ಕಲಸಲು ಶುರು ಮಾಡಿ ಕೆಲವು ವರ್ಷ ಆಯಿತು. ನಡುವೆ ಜಾಗುವಾ ಅನ್ನುವ ನೀಲಿಗಪ್ಪು ಬಣ್ಣದ ಜೆಲ್, ಟ್ಯಾಟೂ ಸ್ಟಿಕ್ಕರ್ ಕೂಡ ನೋಡಿದ್ದೇನೆ. ಮನೆಯಲ್ಲಿ ಪ್ರಯೋಗ ಮಾಡುವ ಆಸೆ ಇರುವವರಿಗೆ ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದನ್ನು ಮುಟ್ಟಲೇಬಾರದು ಅಂತ ಇಲ್ಲಿ ಬರೆದಿದ್ದೇನೆ.

ನಮ್ಮನೆಯವರು ಪ್ರತಿ ಸಲ ಕೇಳುವ ಪ್ರಶ್ನೆ ಒಂದೇ. "ಹತ್ತಿಪ್ಪತ್ತು ರೂಪಾಯಿಗೆ ಕೋನ್ ಸಿಗತೈತಿ, ಇಷ್ಟೆಲ್ಲಾ ಯಾಕ ಮಾಡ್ತಿ?" ಉತ್ತರ ಇದು. ನಿಜವಾದ ಮೆಹಂದಿ ಪೇಸ್ಟ್ ಹೊರಗೆ ಇಟ್ಟರೆ ಎರಡು ಮೂರು ದಿನಕ್ಕೆ ಬಣ್ಣ ಕೊಡುವ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಹಾಗಿದ್ದರೆ ಅಂಗಡಿಯ ಗೋಡೆಗೆ ಮಾಲೆಯಂತೆ ತೂಗು ಹಾಕಿದ ಕೋನ್ ತಿಂಗಳುಗಟ್ಟಲೆ ಹೇಗೆ ಬಣ್ಣ ಬಿಡುತ್ತದೆ? ಅದರೊಳಗೆ ಎಲೆಯಲ್ಲದೆ ಬೇರೆ ಏನೋ ಇರಲೇಬೇಕು, ಅಲ್ವಾ? ಕೆಲವು ಕೋನ್ ಒಡೆದರೆ ಸೀಮೆಎಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಎಲೆಯ ವಾಸನೆ ಹುಡುಕಿದರೂ ಸಿಗುವುದಿಲ್ಲ.

ಪುಡಿಯ ವಿಷಯಕ್ಕೆ ಬರೋಣ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಊರು ಮೆಹಂದಿ ಬೆಳೆಗೆ ಹೆಸರುವಾಸಿ. ಸೋಜತ್ ಮೆಹಂದಿಗೆ 2021ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು ಕೂಡ ಸಿಕ್ಕಿತು. ಅಲ್ಲಿಂದ ಬರುವ ಪುಡಿಯಲ್ಲೂ ಎರಡು ಬಗೆ ಇದೆ. ತಲೆಗೆ ಹಚ್ಚುವುದು ದಪ್ಪ, ಅದರಲ್ಲಿ ಕಡ್ಡಿ, ನಾರು ಇರುತ್ತದೆ, ಕೆಲವಕ್ಕೆ ನೆಲ್ಲಿಕಾಯಿ ಪುಡಿ, ಸೀಗೆಪುಡಿ ಬೆರೆಸಿರುತ್ತಾರೆ. ಕೈಗೆ ಹಾಕುವುದನ್ನು ಹಲವು ಸಲ ಜರಡಿ ಹಿಡಿದಿರುತ್ತಾರೆ. ಪೊಟ್ಟಣದ ಮೇಲೆ 'ಬಾಡಿ ಆರ್ಟ್ ಕ್ವಾಲಿಟಿ' ಅಥವಾ ಬಿಎಕ್ಯೂ ಅಂತ ಇರುತ್ತದೆ. ಬೆಲೆ ಜಾಸ್ತಿ, ಆದರೆ ಸಣ್ಣ ಗೆರೆ ಎಳೆಯಬೇಕಾದರೆ ಬೇರೆ ದಾರಿ ಇಲ್ಲ. ದಪ್ಪ ಪುಡಿ ಕೋನಿನ ತುದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಒತ್ತಿದರೆ ಬರುವುದಿಲ್ಲ, ಇನ್ನೂ ಒತ್ತಿದರೆ ನವಿಲಿನ ಕುತ್ತಿಗೆಯ ಮೇಲೆ ದೊಡ್ಡ ಗುಡ್ಡೆಯೇ ಬೀಳುತ್ತದೆ.

ಇಷ್ಟು ವರ್ಷದಲ್ಲಿ ನನಗೆ ಮನವರಿಕೆಯಾದದ್ದು ಇಷ್ಟೇ. ಈ ಪುಡಿಯನ್ನು ಪೌಡರ್, ಕ್ರೀಮುಗಳ ಸಾಲಿಗೆ ಸೇರಿಸಬೇಡಿ. ಕೊತ್ತಂಬರಿ ಸೊಪ್ಪು ಕೊಳ್ಳುವ ಹಾಗೆ ಕೊಳ್ಳಬೇಕು. ತಾಜಾ ಇದೆಯಾ ಅಂತ ಮೊದಲು ನೋಡಬೇಕು, ಆಮೇಲೆ ಬ್ರ್ಯಾಂಡು. ಸೋಜತ್ ಕಡೆ ಮಳೆಗಾಲ ಮುಗಿದ ಮೇಲೆ ಕೊಯ್ಲು. ಹಾಗಾಗಿ ಪೊಟ್ಟಣದ ಮೇಲೆ ಯಾವ ವರ್ಷದ ಬೆಳೆ ಅಂತ ಬರೆದಿರುವ ಮಾರಾಟಗಾರರನ್ನೇ ಹುಡುಕುತ್ತೇನೆ. ಒಂದು ಆನ್‌ಲೈನ್ ಅಂಗಡಿಯವರು ಒಮ್ಮೆ ಹಳೇ ಸ್ಟಾಕ್ ಕಳಿಸಿದ್ದರು. ಪುಡಿ ಹುಲ್ಲಿನ ಬಣ್ಣ ಬಿಟ್ಟು ಕಂದಾಗಿತ್ತು, ವಾಸನೆಯೇ ಇರಲಿಲ್ಲ. ರಾತ್ರಿಯಿಡೀ ಕೈಯಲ್ಲಿ ಇಟ್ಟುಕೊಂಡರೂ ಅರಿಶಿನ ಮೆತ್ತಿದಂತೆ ತೆಳ್ಳಗಿನ ಕಿತ್ತಳೆ ಬಂತು. ವಾಪಸ್ ತೆಗೆದುಕೊಳ್ಳಲಿಲ್ಲ. ಆ ಪುಡಿ ಕೊನೆಗೆ ತಲೆಗೆ ಹೋಯಿತು.

ಹಾಗಂತ ಹಸಿರು ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಳ್ಳಲೂಬೇಡಿ. ತಾಜಾ ಕಾಣಲಿ ಅಂತ ಹಸಿರು ಬಣ್ಣ ಬೆರೆಸುವವರಿದ್ದಾರೆ. ಹೊಸ ಪೊಟ್ಟಣ ಬಂದ ಕೂಡಲೇ ಚಿಟಿಕೆ ಪುಡಿಯನ್ನು ಒದ್ದೆ ಟಿಶ್ಯೂ ಪೇಪರ್ ಮೇಲೆ ಉದುರಿಸಿ ನೋಡುತ್ತೇನೆ. ಕಣ್ಣಿಗೆ ಹೊಡೆಯುವ ಹಸಿರು ಆಗಲೇ ಹರಡಿದರೆ ಅನುಮಾನ. ಶುದ್ಧ ಪುಡಿ ಅವಸರ ಮಾಡುವುದಿಲ್ಲ, ನಿಧಾನವಾಗಿ ಕಿತ್ತಳೆ ಬಿಡುತ್ತದೆ.

ಕಲಸುವ ಲೆಕ್ಕ ಹೇಳುತ್ತೇನೆ. 50 ಗ್ರಾಂ ಪುಡಿ, 15 ಗ್ರಾಂ ಸಕ್ಕರೆ, 15 ಎಂಎಲ್ ಟೀ ಟ್ರೀ ಎಣ್ಣೆ ಇಲ್ಲವೇ ಲ್ಯಾವೆಂಡರ್ ಎಣ್ಣೆ, ಸುಮಾರು 140 ಎಂಎಲ್ ನೀರು ಅಥವಾ ನಿಂಬೆರಸ. ದ್ರವವನ್ನು ಒಂದೇ ಸಲ ಸುರಿಯಬಾರದು. ಮೊದಲು ಚಪಾತಿ ಹಿಟ್ಟಿನಷ್ಟು ಗಟ್ಟಿ ಕಲಸಿ ಮುಚ್ಚಿಡಿ, ಬಣ್ಣ ಬಿಟ್ಟ ಮೇಲೆ ಮಿಕ್ಕಿದ್ದನ್ನು ಸ್ವಲ್ಪ ಸ್ವಲ್ಪ ಸೇರಿಸಿ ಸಡಿಲ ಮಾಡಿ. ಚಮಚ ಎತ್ತಿದರೆ ಪೇಸ್ಟು ತುಂಡಾಗದೆ ರಿಬ್ಬನ್ ತರ ಇಳಿಯಬೇಕು. ಸಕ್ಕರೆ ಹಾಕುವುದು ಅದಕ್ಕೇ. ಗೆರೆ ಎಳೆದಾಗ ಹಿಗ್ಗುತ್ತದೆ, ಒಣಗಿದ ಮೇಲೆ ಬೇಗ ಉದುರುವುದಿಲ್ಲ. ಎಣ್ಣೆ ಬಣ್ಣವನ್ನು ಗಾಢ ಮಾಡುತ್ತದೆ. ಲವಂಗದ ಎಣ್ಣೆಯೂ ಮಾಡುತ್ತದೆ, ಆದರೆ ಅದು ಎಷ್ಟೋ ಜನರ ಚರ್ಮಕ್ಕೆ ಉರಿ. ನಾನು ಬಳಸುವುದಿಲ್ಲ. ಬೇವಿನ ಎಣ್ಣೆ, ಹರಳೆಣ್ಣೆ ಹಾಕಿ ದುಡ್ಡು ಉಳಿಸುವ ಐಡಿಯಾ ಬಿಡಿ, ಅವು ಈ ಕೆಲಸ ಮಾಡುವುದಿಲ್ಲ.

ಬಣ್ಣ ಕೊಡುವ ವಸ್ತುವಿನ ಹೆಸರು ಲಾಸೋನ್. ಒಣ ಎಲೆಯಲ್ಲಿ ಇರುವುದು ಶೇಕಡಾ ಒಂದೆರಡು ಪಾಲು. ಅದು ಚರ್ಮದ ಮೇಲ್ಪದರದ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಅಂಗೈ, ಅಂಗಾಲಿನಲ್ಲಿ ಆ ಪದರ ದಪ್ಪ, ಅದಕ್ಕೇ ಅಲ್ಲಿ ಕಪ್ಪುಗೆಂಪು ಬರುತ್ತದೆ. ಮುಂಗೈಯಲ್ಲಿ ಕಂದು, ತೋಳಿನಲ್ಲಿ ಬರೀ ಕಿತ್ತಳೆ. ತೋಳಿಗೆ ಟ್ಯಾಟೂ ತರ ಡಿಸೈನ್ ಹಾಕಿಕೊಂಡು 'ಬಣ್ಣವೇ ಬರಲಿಲ್ಲ' ಅಂತ ಒಂದು ಸ್ಟಾರ್ ಕೊಡುವವರನ್ನು ನೋಡಿದ್ದೇನೆ. ಅದು ಪುಡಿಯ ತಪ್ಪಲ್ಲ, ಜಾಗವೇ ಹಾಗೆ.

ನಿಂಬೆರಸವೋ ನೀರೋ ಅನ್ನುವ ಜಗಳ ಬಲು ಹಳೆಯದು. ಹುಳಿ ಹಾಕಿದರೆ ಬಣ್ಣ ಬಿಡುವುದು ನಿಧಾನ, ಆದರೆ ಬಿಟ್ಟ ಬಣ್ಣ ಬೇಗ ಕೆಡುವುದಿಲ್ಲ. ಬರೀ ನೀರಾದರೆ ಬೇಗ ತಯಾರು, ಅಷ್ಟೇ ಬೇಗ ಸತ್ತೂ ಹೋಗುತ್ತದೆ. ಏಪ್ರಿಲ್‌ನಲ್ಲಿ ನಿಂಬೆರಸ, ಡಿಸೆಂಬರ್‌ನಲ್ಲಿ ನೀರು, ಇದು ನನ್ನ ಲೆಕ್ಕ. ಚರ್ಮ ಒಣಗುವವರು ಯಾವಾಗಲೂ ನೀರೇ ಹಾಕಿಕೊಳ್ಳಿ. ಚಹಾ ಡಿಕಾಕ್ಷನ್, ಕಾಫಿ ಹಾಕಿಯೂ ನೋಡಿದೆ. ಅಡುಗೆಮನೆ ಘಮ್ಮೆಂದಿತು, ಕೈಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹದವಾಗಿದೆಯಾ ಅಂತ ತಿಳಿಯಲು ಅಂಗೈಗೆ ಒಂದು ಚುಕ್ಕೆ ಇಟ್ಟು ಐದು ನಿಮಿಷ ಬಿಟ್ಟು ಒರೆಸಿ. ಕಿತ್ತಳೆ ಗುರುತು ಉಳಿದರೆ ಕೋನಿಗೆ ತುಂಬಬಹುದು. ಸೆಕೆ ಇದ್ದರೆ ಅರ್ಧ ದಿನದೊಳಗೆ ಆಗಿಬಿಡುತ್ತದೆ, ಚಳಿಯಲ್ಲಿ ರಾತ್ರಿಯಿಡೀ ಬೇಕು.

ತುಂಬುವ ಮುಂಚೆ ಹಳೇ ಶಿಫಾನ್ ದುಪಟ್ಟಾದ ತುಂಡಿನಲ್ಲಿ ಹಿಂಡಿ ಸೋಸುತ್ತೇನೆ. ಬೇಸರದ ಕೆಲಸ, ನಿಜ. ಬಿಟ್ಟರೆ ಆಮೇಲೆ ಪಿನ್ನು ಹಿಡಿದು ಕೋನಿನ ಬಾಯಿ ಕುಕ್ಕುತ್ತ ಕೂರಬೇಕು. ಕೋನಿಗೆ ಹೂಗುಚ್ಛ ಸುತ್ತುವ ದಪ್ಪ ಪ್ಲಾಸ್ಟಿಕ್ ಹಾಳೆ ಚೆನ್ನಾಗಿದೆ. ಹಾಲಿನ ಕವರ್ ತೊಳೆದು ಒಣಗಿಸಿ ಕತ್ತರಿಸಿದರೂ ನಡೆಯುತ್ತದೆ, ದಪ್ಪ ಗೆರೆಗೆ ಸಾಕು. 100 ಗ್ರಾಂ ಪುಡಿಯಲ್ಲಿ ಸಣ್ಣ ಕೋನ್ ಒಂದು ಡಜನ್‌ಗಿಂತ ಜಾಸ್ತಿಯೇ ಆಗುತ್ತದೆ. ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಆಗಲೇ ಫ್ರೀಜರಿಗೆ ಹಾಕಿ, ತಿಂಗಳುಗಟ್ಟಲೆ ಇರುತ್ತದೆ. ಹೊರಗೆ ತೆಗೆದ ಕೋನನ್ನು ಒಂದೆರಡು ದಿನದೊಳಗೆ ಮುಗಿಸಿ. ಖರ್ಚು ಕೇಳಿದರೆ, ಪುಡಿಗಿಂತ ಎಣ್ಣೆಯೇ ದುಬಾರಿ. ಆದರೂ ಕೋನ್ ಲೆಕ್ಕದಲ್ಲಿ ಹಂಚಿದರೆ, ಆರ್ಗ್ಯಾನಿಕ್ ಅಂತ ಮನೆಯಿಂದ ಮಾಡಿ ಮಾರುವವರ ಬೆಲೆಗಿಂತ ಕಡಿಮೆ ಬೀಳುತ್ತದೆ.

ಹಾಕಿಕೊಂಡ ಮೇಲಿನ ಕೆಲಸವೇ ಕಷ್ಟ. ಆರರಿಂದ ಎಂಟು ಗಂಟೆ ಕೈಯಲ್ಲಿರಬೇಕು. ನಾನು ರಾತ್ರಿ ಊಟ, ಪಾತ್ರೆ ಎಲ್ಲ ಮುಗಿಸಿ ಕೂರುತ್ತೇನೆ, ಒಣಗಿದ ಮೇಲೆ ಟಿಶ್ಯೂ ಸುತ್ತಿ ಟೇಪ್ ಹಚ್ಚಿ ಮಲಗುತ್ತೇನೆ. ಬೆಳಿಗ್ಗೆ ನೀರು ಮುಟ್ಟಿಸದೆ ಚಮಚದ ಹಿಡಿಕೆಯಿಂದ ಕೆರೆದು ಕೊಬ್ಬರಿ ಎಣ್ಣೆ. ಆಗ ಕಾಣುವುದು ಗಜ್ಜರಿಯಂಥ ಕಿತ್ತಳೆ. ಮೊದಲ ಸಲ ನೋಡಿದವರು ಮೋಸ ಹೋದೆ ಅಂದುಕೊಳ್ಳುತ್ತಾರೆ. ಗಾಳಿಗೆ ಒಡ್ಡಿಕೊಂಡು ಬಣ್ಣ ಗಾಢವಾಗಲು ಎರಡು ದಿನ ಬೇಕು. ಶನಿವಾರದ ಮದುವೆಗೆ ಶುಕ್ರವಾರ ಹಚ್ಚಿದರೆ ಫೋಟೋದಲ್ಲಿ ಕಿತ್ತಳೆಯೇ. ಬುಧವಾರ ರಾತ್ರಿ ಹಚ್ಚಿ. ತವೆಯ ಮೇಲೆ ಲವಂಗ ಹುರಿದು ಹೊಗೆ ಹಿಡಿಯುತ್ತಾರಲ್ಲ, ಅದರಲ್ಲಿ ಕೆಲಸ ಮಾಡುವುದು ಬಿಸಿ ಅಂತ ನನ್ನ ಅನಿಸಿಕೆ. ಕೈ ಬೆಚ್ಚಗಿದ್ದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಪಾತ್ರೆ ತೊಳೆಯುವ ಮನೆಯಲ್ಲಿ ಅಂಗೈ ಬಣ್ಣ ಒಂದು ವಾರ ಚೆಂದ, ಎರಡನೇ ವಾರಕ್ಕೆ ತೇಪೆ ತೇಪೆ.

ಡಿಸೈನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಅವರವರ ಕೈ. ಸ್ಟೀಲ್ ತಟ್ಟೆಯ ಮೇಲೆ ಬರೆದು ಒರೆಸುತ್ತ ಅಭ್ಯಾಸ ಮಾಡಿದರೆ ಪೇಸ್ಟೂ ದಂಡವಾಗುವುದಿಲ್ಲ. ಅಂಟಿಸುವ ಸ್ಟೆನ್ಸಿಲ್ ಅಂಚಿನಲ್ಲಿ ಸೋರುತ್ತದೆ, ನನಗೆ ಹಿಡಿಸಲಿಲ್ಲ. ಏನೂ ಬರದವರಿಗೆ ಅಂಗೈ ನಡುವೆ ಒಂದು ದುಂಡು ಚಂದ್ರ, ಸುತ್ತ ಚುಕ್ಕೆ, ಬೆರಳ ತುದಿಗೆ ಟೋಪಿ. ನಮ್ಮ ಅವ್ವ ಹಿತ್ತಲ ಗಿಡದ ಗೋರಂಟಿ ಎಲೆಯನ್ನು ಒಳಕಲ್ಲಿನಲ್ಲಿ ಹುಣಸೆಹಣ್ಣು, ಕಾಚು ಹಾಕಿ ರುಬ್ಬಿ ಹಾಕುತ್ತಿದ್ದದ್ದು ಅದನ್ನೇ. ಹಸಿ ಎಲೆಯ ಬಣ್ಣಕ್ಕೆ ಇವತ್ತಿಗೂ ನಾನು ಪೂರ್ತಿ ಅಂಕ ಕೊಡುತ್ತೇನೆ. ನಾರು ಇರುವುದರಿಂದ ಗೆರೆ ಎಳೆಯಲು ಆಗುವುದಿಲ್ಲ, ಅಷ್ಟೇ ಕೊರತೆ.

ಇನ್ನು ಕಪ್ಪು ಮೆಹಂದಿ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮೆಹಂದಿ ಎಲೆ ಕಪ್ಪು ಬಣ್ಣ ಕೊಡುವುದಿಲ್ಲ. ಅರ್ಧ ಗಂಟೆಯಲ್ಲಿ ಕಡುಕಪ್ಪು ಬಂದರೆ ಅದರಲ್ಲಿ ಹೆಚ್ಚಾಗಿ ಇರುವುದು ಪಿಪಿಡಿ, ಅಂದರೆ ಪ್ಯಾರಾಫಿನೈಲೀನ್‌ಡೈಅಮೀನ್. ತಲೆಗೂದಲ ಡೈನಲ್ಲಿ ಬಳಸುವ ರಾಸಾಯನಿಕ. ಡೈಯಲ್ಲಿ ಅದಕ್ಕೆ ಮಿತಿ ಇದೆ, ಯುರೋಪಿನಲ್ಲಿ ಶೇಕಡಾ 2. ಕೈಗೆ ಬಳಿಯುವ ಪೇಸ್ಟಿನಲ್ಲಿ ಎಷ್ಟು ಸುರಿದಿದ್ದಾರೆ ಅಂತ ಅಳೆಯುವವರು ಯಾರು? ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2006ರಲ್ಲಿ ಇದನ್ನು ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು. ಎಂಥ ಪ್ರಶಸ್ತಿ ನೋಡಿ! ಒಮ್ಮೆ ಮೈಗೆ ಒಗ್ಗದೆ ಹೋದರೆ ಆ ಅಲರ್ಜಿ ಜೀವನಪೂರ್ತಿ ಉಳಿಯಬಹುದು, ಮುಂದೆ ಕೂದಲಿಗೆ ಡೈ ಹಚ್ಚಿದರೂ ಮುಖ ಊದಬಹುದು. ನಮ್ಮ ಸಂಬಂಧಿಕರ ಹುಡುಗಿಯೊಬ್ಬಳಿಗೆ ಮದುವೆ ಮನೆಯಲ್ಲಿ ಹಾಕಿದ ಕಪ್ಪು ಔಟ್‌ಲೈನ್ ಮೂರನೇ ದಿನಕ್ಕೆ ಗುಳ್ಳೆಯಾಗಿ ಎದ್ದಿತು. ಬಳ್ಳಿಯ ಡಿಸೈನ್ ಹಾಗೇ ಚರ್ಮದ ಮೇಲೆ ಉಬ್ಬಿತ್ತು. ಗುಳ್ಳೆ ಮಾಯ್ದರೂ ಗುರುತು ಬಹಳ ದಿನ ಉಳಿಯಿತು. ತಲೆಗೆ ಹಚ್ಚುವ 'ಬ್ಲ್ಯಾಕ್ ಮೆಹಂದಿ' ಪುಡಿಯನ್ನಂತೂ ಕೈಗೆ ಬಳಸಲೇಬೇಡಿ.

ಶುದ್ಧ ಪುಡಿಗೂ ಎರಡು ಎಚ್ಚರಿಕೆ ಇದೆ. ಹೊಸ ಪೊಟ್ಟಣ ಬಂದಾಗ ಮುಂಗೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ ಕೊರತೆ (ರಕ್ತಕಣ ಕಾಯುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವುದು) ಇದ್ದರೆ ಅವರಿಗೆ ಹಾಕಲೇಬೇಡಿ, ಕೆಂಪು ರಕ್ತಕಣ ಒಡೆದು ಪ್ರಾಣಕ್ಕೇ ಕುತ್ತು ಬರಬಹುದು. ಪುಟ್ಟ ಕೂಸುಗಳ ಕೈಗೆ ಶಾಸ್ತ್ರಕ್ಕೆ ಅಂತ ಹಚ್ಚುವುದನ್ನೂ ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇವೆ. ಹಿರಿಯರು ಗೊಣಗಿದರು, ಗೊಣಗಲಿ.

ಕಪ್ಪೇ ಬೇಕು ಅನ್ನುವವರಿಗೆ ಜಾಗುವಾ ಇದೆ. ದಕ್ಷಿಣ ಅಮೆರಿಕದ ಗೆನಿಪಾ ಅಮೆರಿಕಾನಾ ಅನ್ನುವ ಮರದ ಕಾಯಿಯ ರಸ. ಅಮೆಜಾನ್ ಕಾಡಿನ ಜನ ಮೈಗೆ ಬಳಿದುಕೊಳ್ಳಲು ಬಹಳ ಹಿಂದಿನಿಂದ ಬಳಸುತ್ತ ಬಂದದ್ದು. ಅದರ ಗೆನಿಪಿನ್ ಚರ್ಮದ ಪ್ರೋಟೀನಿನ ಜೊತೆ ಸೇರಿ ನೀಲಿಗಪ್ಪು ಆಗುತ್ತದೆ. ಎರಡು ಗಂಟೆ ಇಟ್ಟು ತೊಳೆದರೆ ಸಾಕು, ಬಣ್ಣ ಮರುದಿನ ಮೂಡುತ್ತದೆ. ತಂಗಿಯ ಮಗಳ ತೋಳಿಗೆ ಹಾಕಿದಾಗ ಪೆನ್ನಿನಲ್ಲಿ ಬರೆದಷ್ಟು ಅಚ್ಚುಕಟ್ಟಾಗಿ ಬಂತು, ಮೆಹಂದಿ ಸೋಲುವ ಜಾಗದಲ್ಲೇ ಇದು ಗೆದ್ದಿತು. ತೊಂದರೆ ಬೇರೆ. ಜೆಲ್ ನೀರಾಗಿ ಗೆರೆ ಹರಡುತ್ತದೆ. ಕೈಯನ್ನು ಕೆನ್ನೆಗೆ ಒತ್ತಿಕೊಂಡು ಮಲಗಿದರೆ ಬೆಳಿಗ್ಗೆ ಕೆನ್ನೆಯಲ್ಲೂ ನೀಲಿ ಬಳ್ಳಿ. ಬೆಲೆ ಜಾಸ್ತಿ, ಫ್ರಿಜ್ ಬೇಕು, ಬಾಟಲಿ ತೆರೆದ ಮೇಲೆ ಬೇಗ ಬಳಸಬೇಕು. ಇದಕ್ಕೂ ಕೆಲವರಿಗೆ ಅಲರ್ಜಿ ಆಗುತ್ತದೆ, ಹಾಗಾಗಿ ಪರೀಕ್ಷೆ ತಪ್ಪಿಸಬೇಡಿ. ಜಾಗುವಾ ಹೆಸರಿನಲ್ಲಿ ಅಗ್ಗದ ಬಣ್ಣ ಮಾರುವವರೂ ಇದ್ದಾರೆ. ಹಚ್ಚಿದ ಕೂಡಲೇ ಚರ್ಮ ಕಪ್ಪಾದರೆ ಅದು ಕಾಯಿಯ ರಸದ ಕೆಲಸವಲ್ಲ.

ನೀರು ಹಚ್ಚಿ ಅಂಟಿಸುವ ಟ್ಯಾಟೂ ಸ್ಟಿಕ್ಕರ್ ಮಕ್ಕಳ ಹುಟ್ಟುಹಬ್ಬಕ್ಕೆ ಸರಿ. ಬೆವರಿಗೆ ಎರಡು ದಿನ ತಡೆದರೆ ದೊಡ್ಡದು, ಕೊಬ್ಬರಿ ಎಣ್ಣೆಯಿಂದ ತಿಕ್ಕಿದರೆ ಹೋಗುತ್ತದೆ.

ಅಂಕ ಕೊಡಲೇಬೇಕು ಅಂದರೆ ಪುಡಿಗೆ ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಪೊಟ್ಟಣದ ಅಳತೆಗೆ. ಅಗ್ಗ ಆಗುತ್ತದೆ ಅಂತ ಅರ್ಧ ಕಿಲೋ ಪೊಟ್ಟಣ ತೋರಿಸುತ್ತಾರೆ. ಒಡೆದ ಪುಡಿಗೆ ಗಾಳಿ, ಬೆಳಕು ತಾಗಿದರೆ ಬಣ್ಣ ಇಳಿಯುತ್ತ ಹೋಗುತ್ತದೆ, ನಮ್ಮಂಥ ಮನೆಗೆ ಅಷ್ಟು ಖರ್ಚಾಗುವುದಿಲ್ಲ. ಈ ಸಲ ಪಂಚಮಿಗೆ 50 ಗ್ರಾಂನ ಪೊಟ್ಟಣಗಳನ್ನೇ ತರಿಸಿದ್ದೇನೆ. ಒಡೆಯದ ಪೊಟ್ಟಣಗಳು ಫ್ರೀಜರಿನಲ್ಲಿ ಬಟಾಣಿ ಚೀಲದ ಕೆಳಗಿವೆ.